ಏಳನೇ ಬಕೆಟ್ಟಿನ ಗಿಡ

ಧಾರವಾಡದ ನನ್ನ ಬಾಡಿಗೆ ಕೋಣೆಯ ಗ್ಯಾಲರಿಯಲ್ಲಿ ಒಂದು ಕರಿಬೇವಿನ ಕುಂಡವಿದೆ. ನರ್ಸರಿಯಿಂದ ತಂದದ್ದು. ಈ ಮಳೆಗಾಲದಲ್ಲಿ ಅದರ ಬುಡದಲ್ಲಿ ಕರಿಬೇವಲ್ಲದ್ದು ಏನೋ ಎದ್ದಿತು. ಕಿತ್ತು ಒಗೆಯೋಣವೆಂದು ಹಿಡಿದೆ, ಎಲೆ ಬೆರಳಲ್ಲಿ ಹಿಸುಕಿ ವಾಸನೆ ಬಂತು. ಟೊಮೆಟೊ ಗಿಡದ ಎಲೆ ಉಜ್ಜಿದರೆ ಬರುವಂಥ, ಸ್ವಲ್ಪ ಕಹಿ, ಸ್ವಲ್ಪ ಕಮಟು ವಾಸನೆ. ಕೈ ಬಿಟ್ಟೆ.

ಬಾಜು ಕೋಣೆಯ ಗೆಳತಿ ಬಗ್ಗಿ ನೋಡಿದಳು. "ಏನ್ ಗಿಡಾನ ಇದು? ನೀ ಬಾಟನಿ ಅಲ್ಲೇನ, ಹೇಳು."

"ಹೂ ಬಿಡಲಿ, ಹೇಳ್ತೀನಿ."

"ಅಷ್ಟು ಓದಿ ಇಷ್ಟೂ ಗೊತ್ತಿಲ್ಲ?"

"ಓದಿದ್ದಕ್ಕ ಗೊತ್ತಿಲ್ಲ ಅನ್ನಾಕತ್ತೀನಿ."

ಅವಳಿಗೆ ಅದು ಜಂಬದ ಮಾತಾಗಿ ಕೇಳಿರಬೇಕು. ಜಂಬವಲ್ಲ, ಅಂಜಿಕೆ. ಹೂ ನೋಡದೆ ಯಾವ ಗಿಡಕ್ಕೂ ಹೆಸರು ಹೇಳಬಾರದು ಅನ್ನುವ ಅಂಜಿಕೆ ನನಗೆ ಒಂದೇ ಮಳೆಗಾಲದಲ್ಲಿ ಬಂತು.

ಮೂರು ವರ್ಷದ ಹಿಂದಿನ ಮಾತು. ಬಿ.ಎಸ್ಸಿ ಪರೀಕ್ಷೆ ಮುಗಿಸಿ, ಮುಂದಿನ ಪ್ರವೇಶಕ್ಕೆ ಕಾಯುತ್ತ ಊರಿಗೆ ಬಂದಿದ್ದೆ. ನಮ್ಮೂರು ಶಲವಡಿಯ ಆಚೆ, ಎರಿ ಮಣ್ಣಿನ ಸೀಮೆ. ಊರ ಹೆಸರು ಬೇಡ. ಯಾಕೆ ಬೇಡ ಅನ್ನುವುದು ಓದುತ್ತ ಹೋದರೆ ತಿಳಿಯುತ್ತದೆ.

ಕಾಲೇಜಿನ ಮೂರೂ ವರ್ಷ ನಾನು ಚರ್ಚಾಸ್ಪರ್ಧೆಗಳಲ್ಲೇ ಕಳೆದವಳು. ಚೀಟಿ ಎತ್ತಿದಾಗ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ಎರಡಕ್ಕೂ ನಾಲ್ಕೇ ನಿಮಿಷ, ಎರಡಕ್ಕೂ ಅಷ್ಟೇ ಆವೇಶ. ಮನೆಯ ಗೂಡಿನಲ್ಲಿ ಬುದ್ಧನ ಮೂರ್ತಿಯ ಎಡಬಲಕ್ಕೆ ನಾನು ಗೆದ್ದ ಕಪ್ಪುಗಳು ನಿಂತಿದ್ದವು. "ಈ ಮನ್ಯಾಗ ಸುಮ್ಮನ ಕುಂತಾವ ಆ ನಡುವಿನವ ಒಬ್ಬನs," ಅಂತ ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು.

ಅವ್ವನ ಹೆಸರು ಶಾಂತವ್ವ. ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಮನೆ ನಡೆದದ್ದು ಆ ಕೆಲಸದ ಮೇಲೆ, ಮತ್ತು ಸೂಟಿ ದಿನಗಳಲ್ಲಿ ಹೊಲದಲ್ಲಿ ಕಸ ತೆಗೆಯುವ ಕೂಲಿಯ ಮೇಲೆ. ಕೆಲಸ ಕಾಯಂ ಅಲ್ಲ. ಪ್ರತಿ ಜೂನಿನಲ್ಲಿ ಶಾಲೆಯ ಸಮಿತಿಯವರು ಅವಳ ಹೆಸರಿಗೆ ಸಹಿ ಹಾಕಬೇಕು. ಹಾಕಿದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಇಲ್ಲ. ಆಗ ತೊಂಬತ್ತರ ಹತ್ತಿರ ಮಕ್ಕಳು ಉಣ್ಣುತ್ತಿದ್ದರು. ಮೂರು ಮನೆಯ ಮಕ್ಕಳು ಮಾತ್ರ ಮೊದಲಿನಿಂದಲೂ ಮನೆಯಿಂದ ಡಬ್ಬಿ ತರುತ್ತಿದ್ದವು. ಯಾಕೆಂದು ಅವರು ಹೇಳುತ್ತಿರಲಿಲ್ಲ, ಅವ್ವ ಕೇಳುತ್ತಿರಲಿಲ್ಲ. ನಾನು ಕೇಳಿಯೇ ಬಿಡುತ್ತೇನೆ ಅಂತ ಒಮ್ಮೆ ಹೊರಟಿದ್ದೆ.

"ನಿನ್ನ ನಾಕ ನಿಮಿಷ ಆದಮ್ಯಾಲ ನೀ ಹಾಸ್ಟೆಲಿಗೆ ಹೋಗ್ತಿ," ಅಂದಳು ಅವ್ವ. "ಗಂಟಿ ಹೊಡದಮ್ಯಾಲೂ ಇಲ್ಲೇ ಇರಾಕಿ ನಾನು."

ಅಡುಗೆ ಕೋಣೆಯ ಗೋಡೆಗುಂಟ ಅವ್ವನದೊಂದು ತೋಟವಿತ್ತು. ತೋಟ ಅಂದರೆ ಎಣ್ಣೆ ಡಬ್ಬಿ, ಶಾಲೆಗೆ ಸುಣ್ಣಬಣ್ಣ ಮಾಡಿದಾಗ ಉಳಿದ ಬಣ್ಣದ ಬಕೆಟ್ಟು, ಬಾಯಿ ಒಡೆದ ಎರಡು ಕೊಡ. ಒಟ್ಟು ಹನ್ನೊಂದು. ಕೊತ್ತಂಬರಿ, ಮೆಣಸಿನಕಾಯಿ, ಕರಿಬೇವು. ಸಾರಿನ ಒಗ್ಗರಣೆಗೆ ಕೈಗೆ ಸಿಗುವಷ್ಟು.

ಆ ವರ್ಷ ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಬಂತು. ಮಣ್ಣೆತ್ತಿನ ಅಮಾವಾಸ್ಯೆಗೆ ಡ್ರಾಯಿಂಗ್ ಮಾಸ್ತರು ಹಳ್ಳದ ದಂಡೆಯ ಮಣ್ಣು ತರಿಸಿ ಮಕ್ಕಳ ಕೈಯಿಂದ ಎತ್ತು ಮಾಡಿಸಿದರು. ಪೂಜೆಯೂ ಆಯಿತು. ಮರುದಿನ ತಾಪತ್ರಯ. ಪೂಜೆಗೊಂಡ ಎತ್ತನ್ನು ತುಳಿಯುವ ಹಾಗಿಲ್ಲ, ತಿಪ್ಪೆಗೆ ಒಗೆಯುವ ಹಾಗಿಲ್ಲ. ಮನೆಯಲ್ಲಾದರೆ ಮಾಳಿಗೆ ಮೇಲೋ ತುಳಸಿ ಕಟ್ಟೆಯ ಬುಡಕ್ಕೋ ಇಟ್ಟು ಮಳೆಯ ಪಾಲಿಗೆ ಬಿಡುತ್ತಾರೆ. ಶಾಲೆಯಲ್ಲಿ ಅದೆಲ್ಲ ಎಲ್ಲಿದೆ? ಮಕ್ಕಳು ಜೋಡಿ ಜೋಡಿ ತಂದು ಅವ್ವನ ಬಕೆಟ್ಟುಗಳಲ್ಲಿ ಇಟ್ಟರು. ನಮ್ಮ ಮನೆಯಲ್ಲಿ ಆ ಪೂಜೆ ಇಲ್ಲ. ಆದರೂ ಅವ್ವ ಒಂದೊಂದೇ ಎತ್ತನ್ನು ಎರಡೂ ಕೈಯಲ್ಲಿ ಹಿಡಿದು ಕೂರಿಸಿದಳು. "ಹುಡುಗೂರು ಕೈಲೆ ಮಾಡ್ಯಾವು, ಕೋಡು ಮುರೀಬಾರ್ದು."

ಎಂಟನೆಯದು, ಹನ್ನೊಂದನೆಯದು ಕರಿಬೇವಿನಿಂದ ತುಂಬಿದ್ದವು, ಅವಕ್ಕೆ ಎತ್ತು ಹಿಡಿಸಲಿಲ್ಲ. ಉಳಿದ ಒಂಬತ್ತರಲ್ಲಿ ಎತ್ತು. ಆರಿದ್ರಾ ಮಳೆಗೆ ಮೊದಲು ಕೋಡು ಹೋದವು, ಆಮೇಲೆ ಡುಬ್ಬ, ಆಮೇಲೆ ಎತ್ತು ಅನ್ನುವುದೇ ಉಳಿಯದೆ ಮಣ್ಣಿಗೆ ಮಣ್ಣು ಕೂಡಿತು. ಎಂಟು ದಿನಕ್ಕೆ ಆ ಒಂಬತ್ತೂ ಬಕೆಟ್ಟುಗಳಲ್ಲಿ ಯಾರೂ ಬಿತ್ತದ ಹಸಿರು ಎದ್ದಿತು.

ನನಗೆ ಮಾಡಲು ಕೆಲಸವಿರಲಿಲ್ಲ. ಹೊರಗೆ ಕಾಲಿಟ್ಟರೆ ಚಪ್ಪಲಿಗೆ ಎರಡು ಸೇರು ಮಣ್ಣು. ಹೆಸರಿನ ಹೊಲಗಳಲ್ಲಿ ಎಡೆ ಹೊಡೆಯಲೂ ಮಳೆ ಬಿಡುತ್ತಿರಲಿಲ್ಲ. ಶಾಲೆಯ ಹಳೆಯ ಬಿಳಿ ಬಣ್ಣದಿಂದ ಬಕೆಟ್ಟುಗಳಿಗೆ ಒಂದರಿಂದ ಹನ್ನೊಂದರವರೆಗೆ ನಂಬರ್ ಬರೆದೆ. ಫೋನಿನಲ್ಲಿ ಗಿಡ ಗುರುತಿಸುವ ಆಪ್ ಇತ್ತು. ದಿನಕ್ಕೊಂದು ಫೋಟೋ ತೆಗೆದು, ಹೆಸರು ಹುಡುಕಿ, ನಾಲ್ಕು ಸಾಲು ಬರೆದು ಊರ ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕತೊಡಗಿದೆ. ಮೇಲೆ 'ಇಂದಿನ ಕಸ' ಅಂತ ತಲೆಬರಹ.

ಮೊದಲ ದಿನ ಜೇಕು. ಎರಡನೆಯ ದಿನ ಗೋಳಿ ಪಲ್ಯ. ಮೂರನೆಯ ದಿನ ಉತ್ತರಾಣಿ. ಅದರ ಬೇರು ಮನೆಯಲ್ಲಿದ್ದರೆ ಚೇಳು ಬರುವುದಿಲ್ಲ ಅನ್ನುವವರಿಗೆ, ಆ ಬೇರಿನ ಪಕ್ಕದಲ್ಲೇ ನಾನು ಕಂಡ ಚೇಳಿನ ವರದಿ. ಜನ ಓದುತ್ತಿದ್ದರು. "ಸುಜಾತಕ್ಕಾ, ನಮ್ಮ ಅಳಿಯಂದೂ ಒಂದ್ ಫೋಟೋ ಹಾಕ್ತೀನಿ, ಯಾವ ಜಾತಿ ಕಸ ಅಂತ ಹೇಳಿಬಿಡು," ಅಂತ ಒಬ್ಬರು. ಸಮಿತಿಯ ಅಧ್ಯಕ್ಷರು, ನಾವೆಲ್ಲ ಗೌಡ್ರ ಕಾಕಾ ಅನ್ನುವವರು, ದಿನಾ ಎರಡು ಕೈ ಮುಗಿದ ಚಿತ್ರ ಹಾಕುತ್ತಿದ್ದರು.

ಹದಿಮೂರನೆಯ ದಿನ ಏಳನೇ ಬಕೆಟ್ಟಿಗೆ ಬಂದೆ. ನೀಲಿ ಬಣ್ಣದ ಬಕೆಟ್ಟು. ಮೆಣಸಿನ ಸಸಿಗಳ ನಡುವೆ ಮೆಣಸಿನ ಸಸಿಯ ಹಾಗೆಯೇ ಕಾಣುವ ಒಂದು ಗಿಡ, ಆದರೆ ಎಲೆ ಸ್ವಲ್ಪ ಅಗಲ, ಬಣ್ಣ ಸ್ವಲ್ಪ ಕಡುಹಸಿರು. ಹೂವಿಲ್ಲ, ಕಾಯಿಲ್ಲ, ಗೇಣುದ್ದ ಅಷ್ಟೆ. ಆಪ್ ಮೂರು ಗಿಡಗಳ ಚಿತ್ರ ತೋರಿಸಿತು. ಮೊದಲ ಎರಡರ ಬಗ್ಗೆ ಬರೆದದ್ದು ಸಪ್ಪೆ. ಮೂರನೆಯದರ ಕೆಳಗೆ, ಇಡೀ ಗಿಡವೇ ವಿಷ, ಕೆಲವೇ ಹಣ್ಣು ತಿಂದರೂ ಜೀವಕ್ಕೆ ಅಪಾಯ ಅಂತಿತ್ತು. ನಾನು ಮೂರನೆಯದನ್ನು ಆರಿಸಿದೆ. ಯಾಕೆ ಅಂತ ಸುಳ್ಳಿಲ್ಲದೆ ಹೇಳಬೇಕೆಂದರೆ, ಹನ್ನೆರಡು ದಿನ ಜೇಕು ಕರಕಿ ನೋಡಿ ಗುಂಪಿನವರಿಗೆ ಬೇಸರ ಬಂದಿತ್ತು. ಆ ಮೂರನೆಯ ಗಿಡ ಹಿಮಾಲಯದ ತಂಪಿನಲ್ಲಿ ಬೆಳೆಯುವಂಥದ್ದು, ನಮ್ಮ ಸೀಮೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದನ್ನು ಓದಿದ್ದು ಆಮೇಲೆ.

'ಇಂದಿನ ಕಸ, 13. ನಮ್ಮ ಶಾಲೆಯ ಬಕೆಟ್ಟಿನಲ್ಲಿ ವಿಷದ ಗಿಡ. ಮುಟ್ಟಬೇಡಿ. ಮಕ್ಕಳನ್ನು ದೂರ ಇಡಿ.'

ಅರ್ಧ ತಾಸಿನಲ್ಲಿ ಅದು ಇನ್ನೂ ನಾಲ್ಕು ಗುಂಪಿಗೆ ಹೋಗಿತ್ತು. ಜೇಕಿಗೆ ಅಂಥ ಭಾಗ್ಯ ಎಂದೂ ಬಂದಿರಲಿಲ್ಲ.

ಸಂಜೆ ಅವ್ವನಿಗೆ ಫೋಟೋ ತೋರಿಸಿದೆ. ಅವಳು ಫೋನನ್ನು ದೂರ ಹಿಡಿದು ನೋಡಿದಳು.

"ಇದು ಕಾಕಿಹಣ್ಣಿನ ಗಿಡ ಅಲ್ಲೇನ? ಮೆಣಸಿನಕಾಯಿ ಅಂತ ಬಿಟ್ಟಿದ್ದೆ, ಆಮ್ಯಾಲ ಗೊತ್ತಾತು. ಕರ್ರಗಿನ ಸಣ್ಣ ಹಣ್ಣ ಬಿಡ್ತೈತಿ. ಸಣ್ಣಾಕಿದ್ದಾಗ ನೀನೂ ತಿಂದೀದಿ."

"ಪುರಾವೆ ಏನೈತಿ ಅದಕ್ಕ?"

"ನೀ ಸತ್ತಿಲ್ಲಲ್ಲ, ಅದs."

"ಅವ್ವಾ, ಒಬ್ಬಾಕಿ ಸತ್ತಿಲ್ಲ ಅಂದ್ರ ಅದು ಪುರಾವೆ ಆಗಂಗಿಲ್ಲ."

"ಹಂಗಾರ ಎಷ್ಟ ಮಂದಿ ಸಾಯದs ಇರಬೇಕು?"

ಈ ಪ್ರಶ್ನೆಗೆ ಸಂಖ್ಯಾಶಾಸ್ತ್ರದಲ್ಲಿ ಉತ್ತರವಿದೆ, ನಾನು ಅದನ್ನು ಹೇಳಲು ಶುರುಮಾಡಿದೆ. ಅವ್ವ ಹಿಟ್ಟು ನಾದಲು ಎದ್ದು ಹೋದಳು. "ಏನರ ಇರ್ಲಿ, ಕಿತ್ತ ಹಾಕಬೇ," ಅಂತ ಬೆನ್ನ ಹಿಂದೆ ಹೇಳಿದೆ. "ನಾಳೆ ನೋಡ್ತೀನಿ," ಅಂದಳು. ಮರುದಿನ ಕಿತ್ತಳೋ ಇಲ್ಲವೋ ನಾನು ಹೋಗಿ ನೋಡಲಿಲ್ಲ. ಬರೆದು ಹಾಕಿದ ಮೇಲೆ ನನಗೆ ಆ ಗಿಡದ ಕೆಲಸ ಮುಗಿದಿತ್ತು. ಹದಿನಾಲ್ಕನೆಯದು ತಗಚಿ.

ಆಗಸ್ಟಿನಲ್ಲಿ ಮಗಿ ಮಳೆ ಹಿಡಿದುಕೊಂಡಿತು. ಹೆಸರುಕಾಯಿ ಬಿಡಿಸುವ ಹೊತ್ತಿಗೆ ಹಿಡಿದುಕೊಂಡಿತೆಂದು ಊರೆಲ್ಲ ಬೈಯುತ್ತಿತ್ತು. ಅಂಥ ಒಂದು ದಿನ, ಊಟವಾಗಿ ಒಂದು ತಾಸಿಗೆ, ಮೂರನೇ ಇಯತ್ತೆಯ ಮೂವರು ಮಕ್ಕಳು ವಾಂತಿ ಮಾಡಿಕೊಂಡರು. ಅವ್ವ ನೀರು ಕುಡಿಸಿ, ಮುಖ ತೊಳೆಸಿ, ನೆಲ ಬಳಿದಳು. ಹೆಡ್ ಮಾಸ್ತರು ಮೂವರನ್ನೂ ತಮ್ಮ ಗಾಡಿಯಲ್ಲಿ ದವಾಖಾನೆಗೆ ಒಯ್ದರು. ಡಾಕ್ಟರು ಮಳೆಗಾಲದ ನೀರು ಇರಬಹುದು, ತಿಂದದ್ದು ಇರಬಹುದು ಅಂತ ಔಷಧ ಕೊಟ್ಟು ಕಳಿಸಿದರು. ಸಂಜೆಗೆ ಮೂವರೂ ಓಣಿಯಲ್ಲಿ ಆಡುತ್ತಿದ್ದರು. ಆದರೆ ಅಷ್ಟರಲ್ಲಿ ಯಾರೋ ನನ್ನ ಹದಿಮೂರನೆಯ ಕಸವನ್ನು ಗುಂಪಿನ ತಳದಿಂದ ಎತ್ತಿ ಮೇಲೆ ಹಾಕಿದ್ದರು. ಕೆಳಗೆ ಒಂದೇ ಸಾಲು: 'ಮಗಳು ಮೊದಲೇ ಹೇಳಿದ್ದಳು. ತಾಯಿ ಕೇಳಲಿಲ್ಲ.'

ಓದಿದ ಕೂಡಲೇ ಶಾಲೆಗೆ ಓಡಿದೆ. ಗಿಡ ಅಲ್ಲೇ ಇತ್ತು, ಮೊಳಕಾಲೆತ್ತರ. ಬಿಳಿ ಸಣ್ಣ ಹೂವಿನ ಗೊಂಚಲು, ಬಟಾಣಿಗಿಂತ ಸಣ್ಣ ಹಸಿರು ಕಾಯಿಗಳ ಗೊಂಚಲು, ನಡುವೆ ಎರಡು ಕಪ್ಪು ಹಣ್ಣು. ವಿಷದ ಗಿಡದ್ದು ಗಂಟೆಯಂಥ ದೊಡ್ಡ ಹೂ, ಒಂಟಿ ಹಣ್ಣು. ಇದು ಅದಲ್ಲ. ಇದು ಕಾಕಿಹಣ್ಣು. ಅವ್ವ ಹೇಳಿದ್ದು ಸರಿ. ನಾನು ನನ್ನ ತಾಯಿಯ ವಿರುದ್ಧ ಲಿಖಿತ ಸಾಕ್ಷಿ ತಯಾರಿಸಿ, ಅದನ್ನು ಊರಿಗೆಲ್ಲ ಹಂಚಿ, ಎಚ್ಚರಿಕೆ ಕೊಟ್ಟಿದ್ದೆ ಅನ್ನುವ ದಾಖಲೆಯನ್ನೂ ಜೊತೆಗೆ ಇಟ್ಟಿದ್ದೆ. ಯಾವ ಎದುರಾಳಿಯೂ ಇಷ್ಟು ಚೆಂದ ಮಾಡುತ್ತಿರಲಿಲ್ಲ.

ಮನೆಗೆ ಬಂದು ಪುಸ್ತಕ ತೆಗೆದೆ. ಹಣ್ಣಾದದ್ದನ್ನು ತಿನ್ನುತ್ತಾರೆ, ಹಸಿರು ಕಾಯಿಂದ ವಾಂತಿ ಆಗುವುದುಂಟು ಅಂತಿತ್ತು.

"ಅವ್ವಾ, ಆ ಮೂರು ಹುಡುಗೂರು ಹಸರ ಕಾಯಿ ತಿಂದಿದ್ವೇನು?"

"ನನಗೇನ್ ಗೊತ್ತು. ನಾ ಸಾರಿನ ಕಡೆ ನೋಡ್ತಿದ್ದೆ," ಅಂದಳು. ಮುಖ ಎತ್ತಲಿಲ್ಲ.

ಎರಡು ದಿನಕ್ಕೆ ಸಮಿತಿಯ ಸಭೆ ಅಂತ ಹೇಳಿ ಕಳಿಸಿದರು. ಹಿಂದಿನ ಸಂಜೆ ನನಗೆ ಒಂದು ವಾದ ಹೊಳೆಯಿತು. ಯಾವ ನಂಬರಿನ ಬಕೆಟ್ಟಿನಲ್ಲಿ ಯಾವ ಕಸ ಎದ್ದಿತು ಅಂತ ಬರೆದಿಟ್ಟಿದ್ದ ವಹಿ ನೋಡಿದೆ. ಎತ್ತು ಇಟ್ಟ ಒಂಬತ್ತು ಬಕೆಟ್ಟುಗಳಲ್ಲಿ ಮಾತ್ರ ಹೊಸ ಕಸ. ಇಡದ ಎರಡರಲ್ಲಿ ಏನೂ ಇಲ್ಲ. ಬೀಜ ಬಂದದ್ದು ಹಳ್ಳದ ಮಣ್ಣಿನಲ್ಲಿ, ಎತ್ತಿನ ಹೊಟ್ಟೆಯಲ್ಲಿ. ಅವ್ವನಿಗೆ ವಿವರಿಸಿದೆ. "ಅವರನ್ನs ಕೇಳ್ತೀನಿ ನಾಳೆ. ಗಿಡ ವಿಷ ಅಂದ್ರ, ವಿಷ ತಂದಾವ ನಿಮ್ಮ ಬಸವಣ್ಣ. ಬಸವಣ್ಣ ವಿಷ ತರಂಗಿಲ್ಲ ಅಂದ್ರ, ಗಿಡ ವಿಷ ಅಲ್ಲ. ಎರಡರಾಗ ಒಂದ್ ಒಪ್ಪಬೇಕು. ಹೆಂಗೈತಿ?"

ಅವ್ವ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಆಮೇಲೆ ಅಂದಳು: "ಬಸವಣ್ಣನ ಸುದ್ದಿ ಎತ್ತಬ್ಯಾಡ. ನೀ ಗೆದ್ದs ಬರ್ತಿ, ಅದು ಗೊತ್ತೈತಿ ನನಗ. ಮರುದಿವಸ ನೀರಿಗೆ ಅವರ ಓಣಿ ಹಾದು ಹೋಗಾಕಿ ನಾನು."

ಸಭೆ ಶಾಲೆಯ ಪಡಸಾಲೆಯಲ್ಲಿ. ಸಮಿತಿಯವರಲ್ಲದೆ ಇಪ್ಪತ್ತು ಮೂವತ್ತು ಮಂದಿ ಬಂದಿದ್ದರು. ಅವ್ವ ಅಡುಗೆ ಕೋಣೆಯ ಬಾಗಿಲಿಗೆ ನಿಂತಿದ್ದಳು. ಗೌಡ್ರ ಕಾಕಾ ಕನ್ನಡಕ ಹಾಕಿಕೊಂಡು ನನ್ನ ಮಾತನ್ನು ನನಗೇ ಓದಿ ಹೇಳಿದರು. ಎಲ್ಲೂ ತಡವರಿಸಲಿಲ್ಲ, ಎಷ್ಟೋ ಸಲ ಓದಿದ್ದರು ಅಂತ ಕಾಣುತ್ತದೆ.

"ಇದು ನೀ ಬರದದ್ದು ಹೌದಲ್ಲವಾ, ತಂಗಿ?"

"ಹೌದ್ರಿ ಕಾಕಾ. ಆದ್ರ ವಿಷ ಅಂದ್ರ ಏನು ಅನ್ನೂದನ್ನ ಮೊದಲ ನಾವು—"

"ಭಾಷಣ ಬ್ಯಾಡ. ಕಪ್ ಕೊಡಾಕ ಯಾರೂ ಬಂದಿಲ್ಲ ಇಲ್ಲಿ," ಅಂದರು. ಜನ ನಕ್ಕರು. "ಸೀದಾ ಹೇಳು. ವಿಷ ಅಂತ ಆಗ ಬರದಿ. ಅಲ್ಲ ಅಂತ ಈಗ ಹೇಳಾಕ ಬಂದೀದಿ. ಆಗ ಸುಳ್ಳೋ, ಈಗ ಸುಳ್ಳೋ?"

ಇಂಥ ಪ್ರಶ್ನೆಯನ್ನು ಎದುರಾಳಿಗೆ ಹೇಗೆ ಹಾಕಬೇಕು ಅಂತ ನಾನು ಕಿರಿಯರಿಗೆ ಕಲಿಸುತ್ತಿದ್ದೆ. ಎತ್ತಿನ ವಾದ ನಾಲಿಗೆ ತುದಿಗೆ ಬಂತು. ಅವ್ವನ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಜನರನ್ನು ನೋಡುತ್ತಿದ್ದಳು, ಒಬ್ಬೊಬ್ಬರನ್ನೇ, ನಾಳೆ ಯಾವ ಓಣಿಯಲ್ಲಿ ಯಾರು ಎದುರಾಗುತ್ತಾರೆ ಅಂತ ಎಣಿಸುವ ಹಾಗೆ.

"ಆಗಿನದು ತಪ್ಪು," ಅಂದೆ. "ಹೂ ನೋಡದs ಹೆಸರ ಹೇಳಿದೆ. ಇದು ಕಾಕಿಹಣ್ಣಿನ ಗಿಡ. ನಮ್ಮವ್ವ ಅವತ್ತs ಹೇಳಿದ್ಲು. ನಾ ಕೇಳಲಿಲ್ಲ."

ಮೂರು ವರ್ಷದಲ್ಲಿ ಯಾವ ವೇದಿಕೆಯ ಮೇಲೂ ನಾನು 'ತಪ್ಪು' ಅಂದವಳಲ್ಲ. ಅಂದರೆ ಎದುರಿಗಿದ್ದವರ ಮನಸ್ಸು ಕರಗುತ್ತದೆ ಅಂತ ಎಲ್ಲೋ ನಂಬಿದ್ದೆ.

"ಅಂದ್ರ ನಾಳೆ ಇದೂ ತಪ್ಪು ಅಂತಿ," ಅಂದರು ಕಾಕಾ.

ಹಸಿರು ಕಾಯಿಯ ಮಾತನ್ನು ನಾನು ಎತ್ತಲೇ ಇಲ್ಲ. ಯಾರೂ ತಿಂದದ್ದನ್ನು ನೋಡಿರಲಿಲ್ಲ, ಪುರಾವೆಯಿಲ್ಲದ್ದನ್ನು ಹೇಳಬಾರದು ಅನ್ನುವುದು ನನ್ನದೇ ನಿಯಮ. ಅದೂ ಅಲ್ಲದೆ ಆ ಮಾತು ಆಡಿದರೆ, ಗಿಡ ಕೀಳದೆ ಬಿಟ್ಟವರು ಯಾರು ಅನ್ನುವ ಪ್ರಶ್ನೆ ಬರುತ್ತಿತ್ತು. ನಿಯಮ ಅನುಕೂಲಕ್ಕೆ ಸರಿಯಾಗಿ ಒದಗಿತು.

ವಾಂತಿ ಮಾಡಿಕೊಂಡ ಒಬ್ಬನ ಅಜ್ಜಿ ಗಂಗವ್ವ ಮುಂದೆ ಕೂತಿದ್ದಳು. ಕುರಿ ಕಾಯುವ ಮನೆತನ, ಅರ್ಧ ಆಯುಷ್ಯ ಅಡವಿಯಲ್ಲಿ ಕಳೆದಾಕೆ. ಹೆಡ್ ಮಾಸ್ತರು ಗಿಡದ ಒಂದು ಟೊಂಗೆ ಮುರಿದು ತಂದು ಅವಳ ಕೈಗೆ ಕೊಟ್ಟರು. "ನೋಡ್ರಿ ಆಯಿ, ಗುರುತು ಹತ್ತತೇನು?" ಗಂಗವ್ವ ಎಲೆ ತಿಕ್ಕಿ ಮೂಸಿದಳು. ಕಾಯಿಯೊಂದನ್ನು ಉಗುರಲ್ಲಿ ಒಡೆದಳು. ಅವಳಿಗೆ ಗುರುತು ಹತ್ತಿತು, ನಾನು ಮುಖ ನೋಡಿದೆ. ಟೊಂಗೆಯನ್ನು ಕೆಳಗಿಟ್ಟು, "ಏನೋ ಯಪ್ಪಾ, ನಮ್ಮ ಹುಡುಗ ಇನ್ನ ಇಲ್ಲಿ ಉಣ್ಣೂದು ಬ್ಯಾಡ," ಅಂದು ಎದ್ದು ಹೋದಳು.

ಬಕೆಟ್ಟುಗಳನ್ನೆಲ್ಲ ಬರಿದು ಮಾಡಬೇಕು, ಅಡುಗೆಯವರಿಗೆ ಎಚ್ಚರಿಕೆ ಕೊಡಬೇಕು ಅಂತ ಬರೆದುಕೊಂಡರು. "ಜೂನಕ್ಕ ನೋಡೂಣು," ಅಂದರು ಕಾಕಾ, ಸಭೆ ಮುಗಿಯಿತು ಅನ್ನುವ ಹಾಗೆ. ಹನ್ನೊಂದೂ ಬಕೆಟ್ಟುಗಳ ಮಣ್ಣನ್ನು, ಗಿಡದ ಸಮೇತ, ಶಾಲೆಯ ಹಿಂದಿನ ಗೋಡೆಯ ಬುಡಕ್ಕೆ ಸುರಿದರು.

ಮರುದಿನ ಅವ್ವ ತೊಂಬತ್ತು ಮಂದಿಗೆ ಅಕ್ಕಿ ಹಾಕಿದಳು. ತಾಟು ಹಿಡಿದು ಬಂದವರು ನಲವತ್ತೆರಡು. ಉಳಿದವರು ಪಡಸಾಲೆಯ ಆ ತುದಿಗೆ ಕೂತು ಡಬ್ಬಿ ಬಿಚ್ಚಿದರು. ಮೊದಲಿನಿಂದ ಡಬ್ಬಿ ತರುತ್ತಿದ್ದ ಮೂರು ಮನೆಗೆ ಈಗ ಒಮ್ಮೆಲೇ ಜೊತೆಗಾರರು ಸಿಕ್ಕಿದ್ದರು. ಹೇಳಲು ಎಲ್ಲರಿಗೂ ಒಂದೇ ಕಾರಣ, ವಿಷ, ಅದನ್ನು ಒದಗಿಸಿದವಳು ನಾನು. ಅಡುಗೆಯಲ್ಲಿ ಅವ್ವನ ಸಹಾಯಕ್ಕಿದ್ದಾಕೆಯೂ ಬರುವುದು ಬಿಟ್ಟಳು. ನಾನು ಬಡಿಸಲು ನಿಂತೆ.

ದಿನಾ ಎಣಿಸುತ್ತಿದ್ದೆ. ನಲವತ್ತೆರಡು, ನಲವತ್ತು, ಮೂವತ್ತೆಂಟು. ಉಣ್ಣುವವರು ಇಷ್ಟೇ ಆದರೆ ಜೂನಿನವರೆಗೂ ಕಾಯುವ ಅಗತ್ಯವಿರಲಿಲ್ಲ. ಗುಂಪಿನಲ್ಲಿ ಕಾಕಿಹಣ್ಣಿನ ಮೇಲೆ ಎರಡು ಪುಟ ಬರೆದು ಹಾಕಿದೆ, ಹೂವಿನ ಚಿತ್ರ, ಎರಡು ಗಿಡದ ಹೋಲಿಕೆ ಎಲ್ಲ ಸೇರಿಸಿ. ಒಬ್ಬರೂ ಉತ್ತರ ಕೊಡಲಿಲ್ಲ. ಕಾಕಾ ಕೈ ಮುಗಿಯುವುದನ್ನೂ ನಿಲ್ಲಿಸಿದ್ದರು.

ಅವರನ್ನು ತಿರುಗಿ ಕರೆತಂದದ್ದು ತತ್ತಿ. ಒಂದು ವಾರ ಬಂದಿರದ ತತ್ತಿ ಆ ಗುರುವಾರ ಬಂತು. ಕುದಿಸಿ, ಸಿಪ್ಪೆ ತೆಗೆದು ಪಾತ್ರೆಯಲ್ಲಿಟ್ಟರೆ ಬೆಳ್ಳಗೆ ಹೊಳೆಯುತ್ತಿದ್ದವು. ಪಡಸಾಲೆಯ ಆ ತುದಿಯಲ್ಲಿ ಡಬ್ಬಿಯ ತಣ್ಣನ ರೊಟ್ಟಿ ಕಡಿಯುತ್ತಿದ್ದವರು ಮೊದಲು ನೋಡಿದರು, ಆಮೇಲೆ ಒಬ್ಬೊಬ್ಬರೇ ಬಂದರು. "ತತ್ತಿ ಅಷ್ಟs ಉಣ್ತೀನ್ರಿ," ಅಂತ ಶುರುವಾಯಿತು. ಅವ್ವ, "ತತ್ತಿ ಅನ್ನದ ಮ್ಯಾಲ ಕುಂತು ಬರ್ತೈತಿ, ಬೇಕಾರ ತಗೋ," ಅಂದಳು. ಅವತ್ತು ಅರವತ್ತೊಂದು. ದಸರಾ ಸೂಟಿ ಬರುವಷ್ಟರಲ್ಲಿ ಎಂಬತ್ತರ ಮೇಲೆ. ಗಂಗವ್ವನ ಮೊಮ್ಮಗ ಮಾತ್ರ ಡಬ್ಬಿ ಬಿಡಲಿಲ್ಲ.

ನನ್ನ ಎರಡು ಪುಟದ ವಾದಕ್ಕೆ ಆಗದ ಕೆಲಸ ಒಂದು ತತ್ತಿಗೆ ಆಯಿತಲ್ಲ ಅಂತ ಸಿಟ್ಟೂ ಬಂತು, ನಗೆಯೂ ಬಂತು. ಗೆದ್ದೆವು ಅಂತ ಅಂದುಕೊಂಡೆ.

ಸೂಟಿ ಮುಗಿದು ಶಾಲೆ ತೆರೆದ ವಾರ, ಸಂಜೆ ಪಾತ್ರೆ ತೊಳೆದ ನೀರು ಚೆಲ್ಲಲು ಶಾಲೆಯ ಹಿಂದೆ ಹೋದೆವು. ಬಕೆಟ್ಟಿನ ಮಣ್ಣು ಸುರಿದಿದ್ದ ಗುಡ್ಡೆ ಕಾಣಲಿಲ್ಲ. ಅದರ ಮೇಲೆಲ್ಲ ಕಾಕಿಹಣ್ಣಿನ ಗಿಡ. ಏಳನೇ ಬಕೆಟ್ಟಿನಲ್ಲಿ ಒಂದಿತ್ತು. ಇಲ್ಲಿ ನಲವತ್ತಾದರೂ ಇದ್ದವು, ಉತ್ತರಿ ಮಳೆಗೆ ಎದ್ದು, ಗೋಡೆಗುಂಟ ಊರ ಹಾದಿಯವರೆಗೆ ಹಬ್ಬಿ, ಎಲ್ಲದರಲ್ಲೂ ಹಸಿರು ಗೊಂಚಲು. ಕೆಳಗೆ ಸಣ್ಣ ಸಣ್ಣ ಕಾಲಿನ ಹೆಜ್ಜೆ, ಹರಿದ ಗೊಂಚಲು.

ಅವ್ವ ಕೊಡ ಕೆಳಗಿಟ್ಟಳು. "ಮತ್ತ ತಿನ್ನಾಕತ್ತಾವಲ್ಲ," ಅಂದಳು.

"ಮತ್ತ ಅಂದ್ರ?"

ಅವಳು ಒಂದು ಗೊಂಚಲು ಹಿಡಿದು ನೋಡುತ್ತ ಹೇಳಿದಳು. "ಅವತ್ತ ನೆಲಾ ಬಳದಾಕಿ ನಾನಲ್ಲೇನ. ಹಸರ ಸಿಪ್ಪಿ ಇದ್ವು ವಾಂತಿಯೊಳಗ. ಬಿಳೇ ಬೀಜ. ಮೂವರದ್ರಾಗೂ."

"ನಾ ಕೇಳಿದ್ನಲ್ಲಬೇ ಅವತ್ತ. ನಿನಗ ಗೊತ್ತಿತ್ತು. ನನ್ನ ಮಂದಿ ಮುಂದ ನಿಲ್ಲಿಸಿ ತಪ್ಪು ಅನ್ನಿಸಿದಿ."

"ಅನ್ನಿಸಿಲ್ಲ, ನೀನs ಅಂದಿ."

"ನೀ ಖರೇ ಹೇಳಿದ್ರ ನಾ ಹಂಗ ಅಂತಿದ್ದಿಲ್ಲ."

"ಹೇಳಿದ್ರ ಏನಾಗ್ತಿತ್ತು? ಮಗಳು ಕೀಳು ಅಂದ್ಲು, ಇಕಿ ಬಿಟ್ಲು, ಹುಡುಗೂರು ತಿಂದ್ವು. ಅಲ್ಲೇ ಮುಗೀತಿತ್ತು ನನ್ನ ಕೆಲಸ." ಗೊಂಚಲು ಕೈಬಿಟ್ಟು ಅಂದಳು: "ಹಣ್ಣಾಗಲಿ, ತಿಂತಾವು ಅಂತ ಬಿಟ್ಟಿದ್ದೆ. ನಾವೆಲ್ಲ ಹಣ್ಣಾಗೂತನಕಾ ಕಾಯ್ತಿದ್ವಿ. ಇವು ಕಾಯಂಗಿಲ್ಲ ಅನ್ನೂದು ಹೊಳೀಲಿಲ್ಲ."

ನನ್ನ ಮೊದಲ ಮಾತು ತಪ್ಪು, ಆದರೆ ಪೂರ್ತಿ ತಪ್ಪಲ್ಲ. ನನ್ನ ಎರಡನೆಯ ಮಾತು ಸರಿ, ಆದರೆ ಪೂರ್ತಿ ಸರಿಯಲ್ಲ. ಅವ್ವನದೂ ಹಾಗೆಯೇ. ಎರಡು ಚೀಟಿ ಇಟ್ಟು ಒಂದನ್ನು ಎತ್ತು ಅನ್ನುವಂಥ ವಿಷಯವಾಗಿರಲಿಲ್ಲ ಇದು. ಗೋಡೆಯ ಪಕ್ಕದ ಹಾದಿಯಲ್ಲಿ ನಾಳೆ ಬೆಳಿಗ್ಗೆ ತೊಂಬತ್ತು ಮಕ್ಕಳು ಬರುತ್ತಿದ್ದರು, ಮತ್ತು ಈ ಗಿಡ ನಿರಪಾಯ ಅಂತ ಅವರ ಮನೆಯವರಿಗೆ ಎರಡು ಪುಟ ಬರೆದು ಹೇಳಿದ್ದವಳು ನಾನೇ.

"ಕಿತ್ತ ಹಾಕೂಣು," ಅಂದೆ.

"ಇಲ್ಲಿದ್ದದ್ದು ಕೀಳಬೌದು. ಹಳ್ಳದ ತುಂಬ ಅದಾವು." ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಫೋನ್ ತಗಿ. ಬರಿ."

ಅಲ್ಲೇ ಕಲ್ಲಿನ ಮೇಲೆ ಕೂತು ಬರೆದೆ. ಈ ಗಿಡದ ಬಗ್ಗೆ ನಾನು ಎರಡು ಸಲ ಅರ್ಧ ಮಾತು ಹೇಳಿದ್ದೇನೆ. ಪೂರ್ತಿ ಕಪ್ಪಾದ ಹಣ್ಣು ಊರವರು ತಿನ್ನುತ್ತ ಬಂದದ್ದು, ಆದರೆ ಹಸಿರು ಕಾಯಿ ತಿಂದರೆ ವಾಂತಿ, ಹೊಟ್ಟೆನೋವು ಆಗುತ್ತದೆ. ಆಗಸ್ಟಿನಲ್ಲಿ ಆ ಮೂವರಿಗೆ ಆದದ್ದು ಅದರಿಂದಲೇ. ಶಾಲೆಯ ಹಿಂದೆ ಈಗ ಬಹಳ ಎದ್ದಿವೆ, ಮಕ್ಕಳಿಗೆ ಹೇಳಿ. ಕೊನೆಗೆ ಒಂದು ಸಾಲು ಸೇರಿಸಿದೆ. ಅವ್ವ ಓದು ಅಂದಳು. ಓದಿದೆ.

"ಕಡೀದ್ದು ಇನ್ನೊಮ್ಮೆ."

"'ಮಕ್ಕಳು ಕಾಯಿ ತಿಂದದ್ದು ಅಡುಗೆಯವರ ಗಮನಕ್ಕೆ ಬಂದಿರಲಿಲ್ಲ.'"

"ಬಂದಿತ್ತು. ಬಂದಿತ್ತು ಅಂತ ಬರಿ."

"ಅವ್ವಾ, ಮುಂದ ಜೂನ್ ಐತಿ."

"ಗೊತ್ತೈತಿ. ಗಂಗವ್ವಗೂ ಗೊತ್ತೈತಿ, ಆಕಿ ಕೈಯಾಗ ಹಿಡದು ನೋಡ್ಯಾಳ. ಒಂದ್ ಸುಳ್ಳು ಕಂಡ್ರ ಉಳಿದದ್ದನ್ನ ಯಾರ ನಂಬ್ತಾರ? ಹಸರ ಕಾಯಿ ಮಾತು ನಂಬಬೇಕಲ್ಲ ಮಂದಿ."

ಅಳಿಸಿ, ಬಂದಿತ್ತು ಅಂತ ಬರೆದು ಕಳಿಸಿದೆ.

ಮುಂದಿನ ಜೂನಿನಲ್ಲಿ ಸಹಿ ಬಿತ್ತು, ತಡವಾಗಿ. ಸಮಿತಿಯ ಮೂವರು ಹಾಕಲಿಲ್ಲ. ಗೌಡ್ರ ಕಾಕಾ ಹಾಕಿದರು. ಯಾಕೆ ಅಂತ ನಾನು ಕೇಳಿಲ್ಲ. ಆದರೆ ಆ ಸಂಜೆ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಫೋನ್ ಹಿಡಿದುಕೊಂಡು ಕೂತಿದ್ದೆವು. ಯಾರ್ಯಾರು ಓದಿದರು ಅನ್ನುವುದು ಕಾಣುತ್ತಿತ್ತು, ಉತ್ತರ ಮಾತ್ರ ಯಾರದ್ದೂ ಇಲ್ಲ. ಬಹಳ ಹೊತ್ತಿನ ಮೇಲೆ ಒಂದು ಬಂತು, ಗಂಗವ್ವನ ಸೊಸೆಯದು: 'ಯಾವುದು ಹಸರ ಯಾವುದು ಹಣ್ಣು ಒಂದು ಫೋಟೋ ಹಾಕಕ್ಕ. ನಮ್ಮ ಹುಡುಗಗ ತೋರಿಸಬೇಕು.'

ಬೆಳಕು ಇನ್ನೂ ಇತ್ತು. ಅವ್ವ ಗಿಡಗಳ ನಡುವೆ ಕೂತು, ಒಂದೇ ಗೊಂಚಲಲ್ಲಿ ಹಸಿರೂ ಕಪ್ಪೂ ಇರುವ ಒಂದನ್ನು ಹುಡುಕಿ, ಅಂಗೈ ಮೇಲೆ ಹರವಿ ಹಿಡಿದಳು. "ಎರಡೂ ಬರೂ ಹಂಗ ತಗಿ."

ತೆಗೆದೆ. ಕಾಯಿ ಸ್ಪಷ್ಟವಾಗಿ ಬಂದಿತ್ತು. ಜೊತೆಗೆ ಅವಳ ಅಂಗೈ ಪೂರ್ತಿ, ಒಲೆಯ ಮಸಿ ಕೂತ ಗೆರೆಗಳು, ಹೆಬ್ಬೆರಳಿನ ಸುಟ್ಟ ಕಲೆ, ಹಸಿರು ಬಳೆ. ಊರಲ್ಲಿ ಆ ಕೈ ಗುರುತಿಸದವರು ಇರಲಿಲ್ಲ.

"ಕೈ ಕತ್ತರಿಸಿ ಬರೇ ಕಾಯಿ ಹಾಕ್ಲೇನು?" ಅಂತ ಕೇಳಿದೆ.

ಅವ್ವ ಫೋನನ್ನು ದೂರ ಹಿಡಿದು ನೋಡಿದಳು.

"ಇರ್ಲಿ ಬಿಡು," ಅಂದಳು. "ಯಾರ ಕೈ ಅಂತ ಗೊತ್ತಾಗ್ಲಿ."